ಅತ್ತಿಗೆಯ ಹಿಮ್ಮಡಿಯನ್ನು ನುಂಗಿ ಕೂತ ಚಿತ್ರಕಿಟಕಿಗೆ

ಚಲನೆಯ ಜಾಡು ಹಿಡಿಯುವ ತಂತ್ರಾಂಶದ ನಟ್ಟನಡುವೆ, ಎಡಕ್ಕೆ ಗುಂಡಿಗಳ ಸಾಲನ್ನೂ ಬಲಕ್ಕೆ ಅಂಕಿಗಳ ಕಂಬವನ್ನೂ ಪರಿವಾರವಾಗಿ ನಿಲ್ಲಿಸಿಕೊಂಡು ವಿರಾಜಿಸುತ್ತಿರುವ, ಕಂಪ್ಯೂಟರಿನಲ್ಲಿ ವಿಡಿಯೋ ತೋರಿಸುವ ಮಾನ್ಯ ಚಿತ್ರಕಿಟಕಿ ಮಹಾಶಯರೇ,

ತಮಗೆ ನನ್ನ ಮತ್ತು ನನ್ನ ಇಡೀ ಕುಟುಂಬದ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆಯಾದರೂ ನಾನು ಕೇಳುವುದಿಲ್ಲ. ಕಳೆದ ಶನಿವಾರ ನಮ್ಮ ಮನೆಯ ಊಟದ ಮೇಜಿನ ಸುತ್ತ ತಮ್ಮ ಮೇಲೆ ಸುರಿದ ಶಾಪಗಳನ್ನೆಲ್ಲ ಅರಗಿಸಿಕೊಂಡು ಮರುದಿನ ಬೆಳಿಗ್ಗೆ ಏನೂ ಆಗದವರಂತೆ ಬೆಳಗುತ್ತಿದ್ದ ತಮ್ಮ ಆರೋಗ್ಯದ ಬಗ್ಗೆ ವಿಚಾರಿಸುವುದು ತಮಗೇ ಅವಮಾನ. ನೀರು ಬಾರದ ನಲ್ಲಿಗೆ, ನಡುವೆ ನಿಲ್ಲುವ ಲಿಫ್ಟಿಗೆ, ಪಕ್ಕದ ಮನೆಯ ಬೆಕ್ಕಿಗೆ ನಾನು ಹಿಂದೆಯೂ ಪತ್ರ ಬರೆದವನೇ. ಅವರು ಯಾರೂ ಹೇಳಿದ ಮಾತು ಕೇಳಲಿಲ್ಲ, ಆದ್ದರಿಂದ ದೂರುವುದು ಸಲೀಸಾಗಿತ್ತು. ತಾವಾದರೋ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿ ನಮ್ಮನ್ನು ಬೀದಿಗೆ ತಂದವರು. ಇಂಥ ವಿಧೇಯರ ಮೇಲೆ ದೂರು ಬರೆಯುವುದು ನನಗೆ ಹೊಸದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ವಿಷಯ ಇಷ್ಟೇ. ನನ್ನ ಅತ್ತಿಗೆ ಆಸ್ಪತ್ರೆಯಲ್ಲಿ ವಾರ್ಡ್ ನರ್ಸು. ಕಾರಿಡಾರಿನಲ್ಲಿ ಓಡಬಾರದೆಂಬುದು ಅಲ್ಲಿಯ ನಿಯಮ, ತಡವಾಗಿ ತಲುಪಬಾರದೆಂಬುದು ಅದಕ್ಕಿಂತ ದೊಡ್ಡ ನಿಯಮ. ಈ ಎರಡರ ನಡುವೆ ಸಿಕ್ಕಿಕೊಂಡ ಅವರು, ಓಡದೆಯೇ ಓಡುವವರನ್ನು ಹಿಂದೆ ಹಾಕುವ ಒಂದು ನಡಿಗೆಯನ್ನು ವರ್ಷಗಟ್ಟಲೆ ರೂಢಿಸಿಕೊಂಡಿದ್ದಾರೆ. ಸೊಂಟ ಒಂದು ಕಡೆ ಹೊರಟರೆ ಮೊಣಕೈ ಇನ್ನೊಂದು ಕಡೆ ಹೊರಡುತ್ತದೆ, ಕೈಯಲ್ಲಿರುವ ಔಷಧದ ಟ್ರೇ ಮಾತ್ರ ಕುಲುಕುವುದಿಲ್ಲ. ನಮ್ಮಣ್ಣ ಮದುವೆಯಾದಂದಿನಿಂದಲೂ ರಸ್ತೆಯಲ್ಲಿ ಅವರಿಗಿಂತ ಹತ್ತು ಮಾರು ಹಿಂದೆಯೇ ಇದ್ದಾನೆ. ನೋಡಿದವರು ಅದನ್ನು ಹೆಂಡತಿಯ ಮೇಲಿನ ಗೌರವವೆಂದು ತಿಳಿದಿದ್ದಾರೆ, ಅವನೂ ತಿದ್ದಲು ಹೋಗಿಲ್ಲ.

ಈ ನಡಿಗೆಯನ್ನು ಕಂಡ ಸಹೋದ್ಯೋಗಿಯೊಬ್ಬರು ಅತ್ತಿಗೆಯನ್ನು ನಡಿಗೆ ಸಂಘಕ್ಕೆ ಸೇರಿಸಿದರು. ಅಲ್ಲಿ ವೇಗದ ನಡಿಗೆಯ ಸ್ಪರ್ಧೆ ನಡೆಯುತ್ತದೆ. ಎಷ್ಟು ಜೋರಾಗಿ ಬೇಕಾದರೂ ಹೋಗಬಹುದು, ಆದರೆ ಎರಡು ಪಾದಗಳಲ್ಲಿ ಒಂದಾದರೂ ಸದಾ ನೆಲದ ಮೇಲಿರಬೇಕು. ಎರಡೂ ಒಟ್ಟಿಗೆ ನೆಲ ಬಿಟ್ಟರೆ ಅದು ಓಟ, ಓಡಿದವರು ಹೊರಕ್ಕೆ. ಕಳೆದ ತಿಂಗಳ ಸ್ಪರ್ಧೆಯಲ್ಲಿ ಅತ್ತಿಗೆ ಎಲ್ಲರಿಗಿಂತ ಮುಂದಿದ್ದರು. ಕೊನೆಯ ತಿರುವಿನಲ್ಲಿ ನಿಂತಿದ್ದ ತೀರ್ಪುಗಾರರು, ಕೆಂಪು ಬಣ್ಣದ ಹಲಗೆಯೊಂದನ್ನು ಕೈಬಿಡದೆ ಓಡಾಡುವುದರಿಂದ ಸಂಘದವರೆಲ್ಲ ‘ಕೆಂಪು ಹಲಗೆ’ ಎಂದೇ ಕರೆಯುವವರು, ಆ ಹಲಗೆಯನ್ನು ಅತ್ತಿಗೆಯ ಮೂಗಿನ ಮುಂದೆ ಎತ್ತಿ ಹಿಡಿದುಬಿಟ್ಟರು. ಗೆಲುವು ಹೋಯಿತು, ಅಂತರ ನಗರ ಸ್ಪರ್ಧೆಗೆ ಹೋಗುವ ತಂಡದಿಂದಲೂ ಹೆಸರು ಹೋಯಿತು.

ಅತ್ತಿಗೆಗೆ ಉರಿದದ್ದು ಅದಕ್ಕಲ್ಲ. “ಸೋತಿದ್ದಕ್ಕೆ ನನಗೇನೂ ಬೇಜಾರಿಲ್ಲ. ಓಡಿದಳು ಅಂದ್ರಲ್ಲ! ವಾರ್ಡಲ್ಲಿ ಜೀವ ಹೋಗೋ ಹಾಗಿದ್ರೂ ನಾನು ಓಡಿದವಳಲ್ಲ,” ಎಂದು ಅವರು ಮನೆಗೆ ಬಂದು ಶೂ ಬಿಚ್ಚಿ ಎಸೆದ ರಭಸಕ್ಕೆ ಶೂಗಳೆರಡೂ ಒಟ್ಟಿಗೆ ನೆಲ ಬಿಟ್ಟವು. ಅವತ್ತೇ ಸಂಘಕ್ಕೆ ಮೇಲ್ಮನವಿ ಕೊಟ್ಟರು: “ನಾನು ಒಂದು ಕ್ಷಣವೂ ನೆಲ ಬಿಟ್ಟಿಲ್ಲ, ಬೇಕಾದರೆ ವಿಡಿಯೋ ತೋರಿಸುತ್ತೇನೆ.” ವಿಚಾರಣೆ ಭಾನುವಾರ ಬೆಳಿಗ್ಗೆ ಎಂದು ಗೊತ್ತಾಯಿತು.

ವಿಡಿಯೋ ಇದ್ದದ್ದು ನನ್ನ ಫೋನಿನಲ್ಲಿ. ಆ ತಿರುವಿನ ಬಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತು ಚಿತ್ರೀಕರಿಸಿದವನು ನಾನು. ಬೆರಳು ತಗುಲಿ ನಿಧಾನಗತಿಯ ಗುಂಡಿ ಒತ್ತಿಹೋಗಿತ್ತು. ನನ್ನ ಜೀವಮಾನದಲ್ಲಿ ಬೆರಳು ತಗುಲಿ ಒಳ್ಳೆಯದಾದದ್ದು ಅದೊಂದೇ. ಅತ್ತಿಗೆಯ ಆಸ್ಪತ್ರೆಯ ಫಿಸಿಯೋಥೆರಪಿಸ್ಟರು ರೋಗಿಗಳ ಕುಂಟುನಡಿಗೆಯನ್ನು ಪರೀಕ್ಷಿಸಲು ಇಟ್ಟುಕೊಂಡಿದ್ದ ಲ್ಯಾಪ್‌ಟಾಪನ್ನು, ತಮ್ಮನ್ನು ಒಳಗಿಟ್ಟುಕೊಂಡೇ, ವಾರಾಂತ್ಯಕ್ಕೆ ಕೊಟ್ಟರು. “ಹಿಮ್ಮಡಿ ಮೇಲೆ ಒಂದು ಬಿಂದು ಇಡಿ, ಅದು ಫ್ರೇಮ್ ಫ್ರೇಮಿಗೂ ತಾನೇ ಹಿಂಬಾಲಿಸಿಕೊಂಡು ಹೋಗುತ್ತೆ. ಚಿತ್ರವನ್ನು ಹೇಗೆ ಬೇಕೋ ಹಾಗೆ ನೋಡಬಹುದು, ಮಕ್ಕಳಾಟ,” ಎಂದರಂತೆ. ನಮ್ಮ ಮನೆಯಲ್ಲಿ ಮಕ್ಕಳಿಲ್ಲ. ಹಿಂದೊಮ್ಮೆ ಪ್ರಿಂಟರಿನ ಇಂಕು ಬದಲಿಸಿದ್ದರಿಂದ ಕಂಪ್ಯೂಟರ್ ಬಲ್ಲವನೆಂಬ ಅಪವಾದ ಹೊತ್ತಿರುವ ನಾನೇ ಆ ಆಟಕ್ಕೆ ಇಳಿಯಬೇಕಾಯಿತು.

ಮಹಾಶಯರೇ, ತಮ್ಮ ಮೊದಲ ದರ್ಶನವನ್ನು ನಾವು ಮರೆಯಲಾರೆವು. ಊಟ ಮುಗಿಸಿ, ಮೇಜು ಒರೆಸಿ, ಅಮ್ಮ, ಅಣ್ಣ, ಅತ್ತಿಗೆ ನನ್ನ ಬೆನ್ನ ಹಿಂದೆ ಸಾಲಾಗಿ ಕೂತರು. ನಾನು ವಿಡಿಯೋ ತೆರೆದೆ. ನಾನು ಫೋನನ್ನು ನಿಲ್ಲಿಸಿ ಹಿಡಿದಿದ್ದೆ, ತಾವು ಅದನ್ನು ಮಲಗಿಸಿದಿರಿ. ಅತ್ತಿಗೆ ಗೋಡೆಯ ಮೇಲೆ ಹಲ್ಲಿ ಹೋಗುವ ಹಾಗೆ ಕೆಳಗಿನಿಂದ ಮೇಲಕ್ಕೆ ನಡೆದುಹೋದರು. ನಮ್ಮ ಮನೆಯವರು ಅನುಸರಿಸಿಕೊಂಡು ಹೋಗುವ ಜನ. ನಾಲ್ಕೂ ತಲೆಗಳು ಒಂದೇ ಕಡೆಗೆ ವಾಲಿದವು. ಹಾಗೇ ವಾಲಿಸಿಕೊಂಡು ಪೂರ್ತಿ ವಿಡಿಯೋ ನೋಡಿ ಮುಗಿಸಿದ ಮೇಲೆ ಅಮ್ಮ ಕತ್ತು ನೀವಿಕೊಳ್ಳುತ್ತಾ, “ಚೆನ್ನಾಗಿದೆಯಪ್ಪ, ಆದರೆ ಇಷ್ಟೊಂದು ಏರು ಹತ್ತಿಸಿದ್ರೆ ಯಾರ ಕಾಲು ತಾನೆ ನೆಲದ ಮೇಲೆ ನಿಲ್ಲುತ್ತೆ?” ಎಂದರು.

ತಿರುಗಿಸುವ ಗುಂಡಿಯನ್ನು ಹುಡುಕಿ ಒತ್ತಿದೆ. ತಾವು ತಿರುಗಿಸಿದಿರಿ, ಆದರೆ ಇನ್ನೊಂದು ಕಡೆಗೆ. ಮತ್ತೆ ಒತ್ತಿದಾಗ ಅತ್ತಿಗೆ ನೆಟ್ಟಗಾದರು. ಆ ಸಂತೋಷದಲ್ಲಿ ಕೈ ನಿಲ್ಲದೆ ಪಕ್ಕದಲ್ಲಿದ್ದ ಕನ್ನಡಿಯ ಗುಂಡಿಯನ್ನೂ ಒತ್ತಿದೆನಾಗಿ ಎಡ ಬಲವಾಯಿತು, ಬಲ ಎಡವಾಯಿತು. ಗುರಿಯ ಕಡೆ ಹೋಗುತ್ತಿದ್ದ ಅತ್ತಿಗೆ ಅದೇ ಠೀವಿಯಿಂದ, ಅದೇ ವೇಗದಲ್ಲಿ, ಹೊರಟ ಕಡೆಗೇ ಸಾಗಿದರು. “ಅಯ್ಯೋ, ಇವಳ್ಯಾಕೆ ವಾಪಸ್ ಹೋಗ್ತಿದಾಳೆ? ಏನಾದ್ರೂ ಮರೆತು ಬಂದ್ಲಾ?” ಎಂದು ಅಮ್ಮ ಕೇಳಿದರೆ, ಅಣ್ಣ, “ಗ್ಯಾಸ್ ಆಫ್ ಮಾಡಿದೀನಾ ಅಂತ ನೋಡೋಕೆ ಹೋಗ್ತಿರಬೇಕು,” ಎಂದ. ಅತ್ತಿಗೆ ಅವನ ಕಡೆ ತಿರುಗಿ ನೋಡಿದ ನೋಟವನ್ನು ಯಾವ ಗುಂಡಿಯಿಂದಲೂ ತಿರುಗಿಸುವಂತಿರಲಿಲ್ಲ.

ಇನ್ನು ತಮ್ಮ ಝೂಮಿನ ಔದಾರ್ಯದ ಬಗ್ಗೆ ಎಷ್ಟು ಬರೆದರೂ ಸಾಲದು. ನನಗೆ ಬೇಕಾದದ್ದು ಅತ್ತಿಗೆಯ ಬಲಗಾಲಿನ ಶೂ. ಮೌಸಿನ ಚಕ್ರವನ್ನು ಒಂದಿಷ್ಟು ತಿರುಗಿಸಿದೆ. ಆದರೆ ಬಾಣದ ಗುರುತು ಎಲ್ಲಿದೆಯೋ ಆ ಜಾಗವನ್ನೇ ದೊಡ್ಡದು ಮಾಡುವುದು ತಮ್ಮ ವ್ರತ, ಆ ಬಾಣವನ್ನು ನಾನು ಮೂಲೆಯಲ್ಲೆಲ್ಲೋ ಬಿಟ್ಟಿದ್ದೆ. ಹೀಗಾಗಿ ತಾವು ಅಭಿಮಾನದಿಂದ ನಮಗೆ ತೋರಿಸಿದ್ದು ಟ್ರ್ಯಾಕಿನ ಆಚೆ ನಿಂತಿದ್ದ ಯಾರೋ ಅಪರಿಚಿತರ ಅಂಗಿಯ ಗುಂಡಿ. ಹಿಂದಕ್ಕೆ ಬರೋಣವೆಂದು ಚಕ್ರವನ್ನು ಉಲ್ಟಾ ತಿರುಗಿಸಿದರೆ ಇಡೀ ಮೈದಾನ ಅಂಚೆಚೀಟಿಯಷ್ಟಾಗಿ ಬೂದು ಬಯಲಿನ ನಡುವೆ ಅನಾಥವಾಗಿ ನಿಂತಿತು. ಮತ್ತೆ ಒಳಕ್ಕೆ ಹೋದೆ: ನೀರಿನ ಬಾಟಲಿ. ಮತ್ತೆ ಹೊರಕ್ಕೆ, ಮತ್ತೆ ಒಳಕ್ಕೆ: ಒಂದು ಕಿವಿ. ಯಾರ ಕಿವಿಯೆಂದು ಅಮ್ಮನಿಗೂ ಅಣ್ಣನಿಗೂ ವಾದವಾಯಿತು. ಅತ್ತಿಗೆ ಮಾತ್ರ ವಾರ್ಡಿನಲ್ಲಿ ಹೊಸಬರಿಗೆ ಸೂಜಿ ಚುಚ್ಚಲು ಕಲಿಸುವ ತಾಳ್ಮೆಯ ದನಿಯಲ್ಲಿ, “ಮೈದುನರೇ, ಬಾಣ ಮೊದಲು ಕಾಲಿನ ಮೇಲೆ ಇಡಿ, ಆಮೇಲೆ ಚಕ್ರ ತಿರುಗಿಸಿ. ಮೊದಲು ನರ ಹುಡುಕಬೇಕು, ಆಮೇಲೆ ಚುಚ್ಚಬೇಕು,” ಎಂದರು. ಅದಾದ ಮೇಲೆಯೇ ತಾವು ನಮಗೆ ಶೂ ದಯಪಾಲಿಸಿದ್ದು.

ಹಿಮ್ಮಡಿಯ ಮೇಲೆ ಬಿಂದು ಇಟ್ಟೆ. ಶೂ ತುಸು ಅಂಚಿಗಿತ್ತು. ಚಿತ್ರವನ್ನು ಕಾಗದದ ಹಾಗೆ ಈಚೆಗೆ ಎಳೆದುಕೊಳ್ಳೋಣವೆಂದು ಒತ್ತಿ ಹಿಡಿದು ಎಳೆದೆ. ಚಿತ್ರವನ್ನು ಎಳೆಯಲು ಮೌಸಿನ ನಡುವಿನ ಚಕ್ರವನ್ನು ಒತ್ತಿಕೊಂಡಿರಬೇಕು, ಎಡಗುಂಡಿಯನ್ನು ಒತ್ತಿ ಎಳೆದರೆ ಬಿಂದುವೇ ಕಿತ್ತು ಬರುತ್ತದೆ ಎಂಬ ಸಂಗತಿಯನ್ನು ತಾವು ಎಂಥ ವಿನಯದಿಂದ ಮುಚ್ಚಿಟ್ಟುಕೊಂಡಿದ್ದಿರಿ! ಬಿಂದು ಹಿಮ್ಮಡಿ ಬಿಟ್ಟು ಹೋಗಿ, ಹಿಂದೆ ನಿಂತಿದ್ದ ‘ಕೆಂಪು ಹಲಗೆ’ಯವರ ಟೋಪಿಯ ಮೇಲೆ ಕೂತಿತು. ಅದನ್ನು ನಾವು ಯಾರೂ ಗಮನಿಸಲಿಲ್ಲ. ಜಾಡು ಹಿಡಿ ಎಂದೆ, ತಾವು ಹಿಡಿದಿರಿ. ಮುಗಿದ ಮೇಲೆ ಬಲಗಡೆಯ ಅಂಕಿಗಳನ್ನು ನೋಡಿದರೆ, ಅತ್ತಿಗೆಯ ಹಿಮ್ಮಡಿ ತಿರುವಿನಲ್ಲಿ ಒಮ್ಮೆಲೇ ಆಳೆತ್ತರಕ್ಕೆ ಹಾರಿ, ಸ್ಪರ್ಧೆ ಮುಗಿಯುವವರೆಗೂ ಗಾಳಿಯಲ್ಲೇ ಅಲ್ಲಾಡದೆ ನಿಂತಿತ್ತು. ಅಣ್ಣ ಅದನ್ನು ಬಹಳ ಹೊತ್ತು ದಿಟ್ಟಿಸಿ, “ಲೋ, ಇದನ್ನ ತಗೊಂಡು ಹೋದ್ರೆ ತಂಡದಿಂದ ತೆಗೆಯೋದಿರಲಿ, ಸರ್ಕಸ್ಸಿನವರು ಬಂದು ಕರಕೊಂಡು ಹೋಗ್ತಾರೆ ಇವಳನ್ನ,” ಎಂದ.

ನಾಲ್ಕನೆಯ ಪ್ರಯತ್ನಕ್ಕೆ ಹೊಸ ಬಿಂದುವೊಂದನ್ನು ಹಿಮ್ಮಡಿಯ ಮೇಲೆ ಸರಿಯಾಗಿ ಕೂರಿಸಿ ಮತ್ತೆ ಜಾಡು ಹಿಡಿಸಿದೆ. ಇಷ್ಟಾದರೂ ನಾನು ತಮ್ಮ ಮೇಲೆ ಮುನಿಸಿಕೊಳ್ಳಲಿಲ್ಲ. ಬದಲಿಗೆ, ನೋಟವನ್ನು ನಮ್ಮ ಅಭಿರುಚಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದೆಂದು ತಾವು ಎಷ್ಟು ಪ್ರೀತಿಯಿಂದ ಮೆನು ಹಾಸಿದ್ದೀರೆಂದು ಕಂಡು, ಕರೆದವರ ಮನೆಯಲ್ಲಿ ಬಡಿಸಿದ್ದನ್ನು ಬಿಡಬಾರದೆಂಬ ಸಂಕೋಚದಿಂದ ಎಲ್ಲವನ್ನೂ ಮುಟ್ಟಿ ನೋಡಿದೆ. ಅಂಚಿನ ಬೂದು ಬಣ್ಣವನ್ನು ತೆಗೆದು ಅಮ್ಮನ ಇಷ್ಟದ ಹಸಿರು ಹಾಕಿದೆ. ಕಪ್ಪು ಬಿಳುಪಿನ ಅಂತರ ಹೆಚ್ಚಿಸಿದಾಗ ಮಧ್ಯಾಹ್ನದ ಮೈದಾನದಲ್ಲಿ ಗ್ರಹಣ ಹಿಡಿಯಿತು. ಬಿಂದುವಿನ ಹೆಸರು, ಅಡ್ಡಗೆರೆ, ಉದ್ದಗೆರೆ, ಚೌಕುಳಿ ಎಲ್ಲವನ್ನೂ ಕಾಣಿಸು ಎಂದೆ. ಬಿಂದು ಹಾದುಹೋದ ದಾರಿಯ ಗೆರೆಯನ್ನು ಎಷ್ಟು ಉದ್ದ ತೋರಿಸಲಿ ಎಂದು ತಾವು ಕೇಳಿದಾಗ, ಧಾರಾಳವಾಗಿ ಪೂರ್ತಿ ಎಂದೆ. ಹಿಂದಿನ ದಾರಿಯಷ್ಟೇ ಅಲ್ಲದೆ ಮುಂದೆ ಹೋಗಲಿರುವ ದಾರಿಯನ್ನೂ ತಾವು ಬಿಡಿಸಿಟ್ಟಿರಿ. ಅತ್ತಿಗೆ ಕಾಲೆತ್ತುವ ಮೊದಲೇ ಆ ಕಾಲು ಎಲ್ಲಿ ಇಳಿಯುತ್ತದೆಂದು ತಮಗೆ ಗೊತ್ತಿತ್ತು. ಅಣ್ಣ ಇದರಿಂದ ಎಷ್ಟು ಪ್ರಭಾವಿತನಾದನೆಂದರೆ, ತನಗೆ ಬಡ್ತಿ ಯಾವಾಗ ಎಂದು ತಮ್ಮನ್ನು ಕೇಳಿ ನೋಡಲು ಹೇಳಿದ. ಅಷ್ಟರಲ್ಲಿ ಗೆರೆಯ ಮೇಲೆ ಗೆರೆ ಬಿದ್ದು, ಅತ್ತಿಗೆ ಇದ್ದ ಜಾಗದಲ್ಲಿ ಬಣ್ಣಬಣ್ಣದ ನೂಲಿನ ಉಂಡೆಯೊಂದು ಉರುಳುತ್ತಿತ್ತು. “ಸೊಂಟ ಒಂಚೂರು ಕಾಣ್ತಿದೆ ನೋಡು,” ಎಂದು ಅಮ್ಮ ಸಮಾಧಾನ ಹೇಳಿದರು.

ಆದರೆ ಈ ಎಲ್ಲ ಸೌಕರ್ಯಗಳಿಗೆ ಕಳಶಪ್ರಾಯವಾದದ್ದು ‘ನೋಟವನ್ನು ಬಿಂದುವಿಗೆ ಕಟ್ಟು’ ಎಂಬರ್ಥದ ಆ ಗುಂಡಿ. ಅದನ್ನೊತ್ತಿದ ಕ್ಷಣ ಮನೆಯಲ್ಲಿ ಹರ್ಷೋದ್ಗಾರವಾಯಿತು. ಅತ್ತಿಗೆಯ ಹಿಮ್ಮಡಿ ಪರದೆಯ ನಡುವೆ ಮೊಳೆ ಹೊಡೆದಂತೆ ನಿಂತಿತ್ತು! ಮೊಣಕಾಲು ಆಡುತ್ತಿತ್ತು, ಸೊಂಟ ಆಡುತ್ತಿತ್ತು, ಹಿಮ್ಮಡಿ ಒಂದು ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ. “ನೋಡಿ, ನೋಡಿ! ಕಾಲು ಎತ್ತೇ ಇಲ್ಲ! ಇದಕ್ಕಿಂತ ಸಾಕ್ಷಿ ಬೇಕಾ?” ಎಂದು ಅಣ್ಣ ಕುಣಿದಾಡಿದ. ಹಿಮ್ಮಡಿ ನಿಂತಿದೆ ನಿಜ, ಆದರೆ ಅದರ ಕೆಳಗೆ ಟ್ರ್ಯಾಕು, ಹುಲ್ಲು, ‘ಕೆಂಪು ಹಲಗೆ’ಯವರು, ಇಡೀ ಭೂಮಂಡಲ ಮೇಲಕ್ಕೂ ಕೆಳಕ್ಕೂ ಹಾರಾಡುತ್ತಾ ಹಿಂದಕ್ಕೆ ಓಡುತ್ತಿದೆಯಲ್ಲ ಎಂದು ನಾನು ತೋರಿಸಿದಾಗ ಅವನು, “ಭೂಮಿ ಏನಾದ್ರೂ ಮಾಡಿಕೊಳ್ಳಲಿ, ಕೇಸು ಇರೋದು ಇವಳ ಮೇಲೆ,” ಎಂದು ವಾದಿಸಿದ. ಅತ್ತಿಗೆಯೇ ಕೊನೆಗೆ, “ಬಿಚ್ಚಿ ಅದನ್ನ. ನೆಲ ಕಾಣದ ಮೇಲೆ ಕಾಲಿಗೇನು ಬೆಲೆ?” ಎಂದರು.

ಬಿಚ್ಚಿದೆ. ಗೆರೆಗಳನ್ನು ಅಳಿಸಿದೆ, ಕನ್ನಡಿ ತೆಗೆದೆ, ಗ್ರಹಣ ಬಿಡಿಸಿದೆ. ಬಾಣವನ್ನು ಸರಿಯಾಗಿ ಶೂ ಮತ್ತು ನೆಲ ಕೂಡುವ ಜಾಗದಲ್ಲಿಟ್ಟು ಚಕ್ರ ತಿರುಗಿಸುತ್ತಾ ಹೋದೆ. ಫ್ರೇಮಿನಿಂದ ಫ್ರೇಮಿಗೆ ಒಂದೊಂದಾಗಿ ಮುಂದೆ ನಡೆದೆವು. ಬಲಹಿಮ್ಮಡಿ ನೆಲದ ಮೇಲೆ, ಎಡ ಬೆರಳು ನೆಲದ ಮೇಲೆ. ಮುಂದಿನದು, ನೆಲದ ಮೇಲೆ. ಅದರ ಮುಂದಿನದು, ನೆಲದ ಮೇಲೆ. ಪ್ರತಿ ಸಲವೂ ಅತ್ತಿಗೆ, “ಹೂಂ,” ಎನ್ನುತ್ತಿದ್ದರು. ತಿರುವಿಗೆ ಬಂದೆವು. ಅಲ್ಲಿ, ಒಂದೇ ಒಂದು ಫ್ರೇಮಿನಲ್ಲಿ, ಹಿಂದಿನ ಕಾಲಿನ ಬೆರಳು ಎದ್ದಿತ್ತು, ಮುಂದಿನ ಕಾಲಿನ ಹಿಮ್ಮಡಿ ಇನ್ನೂ ಇಳಿದಿರಲಿಲ್ಲ. ಶೂವಿಗೂ ನೆಲಕ್ಕೂ ನಡುವೆ ಬ್ಲೇಡಿನ ಅಂಚಿನಷ್ಟು ಬಿಸಿಲು ಕಾಣುತ್ತಿತ್ತು.

ಅತ್ತಿಗೆ ಹೂಂ ಅನ್ನಲಿಲ್ಲ.

ಮಹಾಶಯರೇ, ಅಂಗಿಯ ಗುಂಡಿಯನ್ನೂ ಅಪರಿಚಿತರ ಕಿವಿಯನ್ನೂ ತೋರಿಸುತ್ತಾ ಇಡೀ ಮಧ್ಯಾಹ್ನ ಕಳೆದ ತಾವು, ಆ ಒಂದು ಗಳಿಗೆಯಲ್ಲಿ ಮಾತ್ರ ಯಾಕೆ ಅಷ್ಟು ನಿಚ್ಚಳವಾಗಿ, ಯಾವ ಮಂಜೂ ಮುಸುಕದೆ, ಕರೆಕ್ಟಾಗಿ ನಡುಮಧ್ಯದಲ್ಲಿ ತೋರಿಸಿದಿರಿ? ಒಂದಿಷ್ಟು ಮಸುಕಾಗಬಹುದಿತ್ತು. ದೊಡ್ಡ ಮನೆತನದವರಿಗೆ ಯಾವಾಗ ಕಣ್ಣು ಮುಚ್ಚಬೇಕೆಂದು ಗೊತ್ತಿರುತ್ತದೆ.

ಅಣ್ಣ ಮೊದಲು ಬಾಯಿ ಬಿಟ್ಟ. “ಸಂಘದ ನಿಯಮ ಏನು ಹೇಳುತ್ತೆ? ಬರಿಗಣ್ಣಿಗೆ ಕಾಣೋ ಹಾಗೆ ನೆಲ ಬಿಟ್ಟರೆ ಮಾತ್ರ ತಪ್ಪು. ಇದು ಬರಿಗಣ್ಣಾ? ಇದು ಬ್ಯಾಕ್ಟೀರಿಯಾ ನೋಡೋ ಲೆಕ್ಕ. ಸುಮ್ಮನೆ ಚಿಕ್ಕದಾಗಿ ತೋರಿಸಿ ಬಂದುಬಿಡೋಣ.” ಅಮ್ಮ ಸೊಸೆಯ ಪರವಾಗಿ ಸೆರಗು ಸಿಕ್ಕಿಸಿ ನಿಂತರು: “ಅಷ್ಟು ಹಾರಿದ್ರೆ ಹಾರಿದ್ಲು, ಯಾರ ಮನೆ ಗಂಟು ಹೋಯ್ತು?” ಅತ್ತಿಗೆ ಪರದೆಯಿಂದ ಕಣ್ಣು ತೆಗೆಯದೆ, “ನಿಯಮ ನನಗೂ ಗೊತ್ತು ಕಣ್ರೀ. ಆದರೆ ನಾನು ಬರೆದುಕೊಟ್ಟಿರೋದು ಒಂದು ಕ್ಷಣವೂ ನೆಲ ಬಿಟ್ಟಿಲ್ಲ ಅಂತ. ಇದು ಒಂದು ಕ್ಷಣ ಅಲ್ವಾ?” ಎಂದರು. ಆಮೇಲೆ ನನ್ನ ಭುಜ ತಟ್ಟಿ, “ನಾಳೆ ಇದ್ದದ್ದು ಇದ್ದ ಹಾಗೆ ತೋರಿಸಿ. ರೋಗಿಗೆ ಜ್ವರ ಇದ್ದರೆ ಚಾರ್ಟಲ್ಲಿ ಇಲ್ಲ ಅಂತ ಬರೆಯೋಕಾಗುತ್ತಾ?” ಎಂದು ಒಳಗೆ ಹೋದರು. ಆ ಮನುಷ್ಯೆ ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ಅವತ್ತೇ ನೋಡಿದ್ದು.

ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಟೇಬಲ್ ಟೆನಿಸ್ ಮೇಜನ್ನು ಗೋಡೆಗೆ ಸರಿಸಿ, ಅದರ ಮುಂದೆ ದೊಡ್ಡ ಟೀವಿ ಇಟ್ಟಿದ್ದರು. ಸಂಘದ ಅಧ್ಯಕ್ಷೆ ವೃತ್ತಿಯಲ್ಲಿ ಕಣ್ಣಿನ ಡಾಕ್ಟರು; ಎದುರಿಗೆ ಯಾರು ಬಂದರೂ ಮೊದಲು ಕಣ್ಣಿನ ಕೆಳರೆಪ್ಪೆ ನೋಡುವ ಅಭ್ಯಾಸದವರು. ಪಕ್ಕದಲ್ಲಿ ‘ಕೆಂಪು ಹಲಗೆ’ಯವರು, ಹಲಗೆಯನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಕೂತಿದ್ದರು. ನಾನು ರಾತ್ರಿ ಮಲಗುವ ಮುನ್ನ ನೋಟವನ್ನೆಲ್ಲ ಸರಿಮಾಡಿಟ್ಟು ಬಂದಿದ್ದೆ. ತಾವೋ, ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ತಮ್ಮ ಸದ್ಗುಣವನ್ನು ಅಂದೊಂದು ದಿನ ಬದಿಗಿಟ್ಟು, ಅಂಚಿಗೆ ಅಮ್ಮನ ಹಸಿರು, ನಡುವೆ ಮೊಳೆ ಹೊಡೆದ ಹಿಮ್ಮಡಿ, ಅದರ ಸುತ್ತ ತೊಟ್ಟಿಲಾಡುವ ಭೂಮಿ, ಹೀಗೆ ಪ್ರತ್ಯಕ್ಷರಾದಿರಿ. ‘ಕೆಂಪು ಹಲಗೆ’ಯವರು ಅದನ್ನು ನೋಡಿ, “ಮೇಡಂ, ಇದರ ಪ್ರಕಾರ ಇವರು ನಿಂತಲ್ಲೇ ನಿಂತಿದ್ದಾರೆ, ನಾನೇ ಹಿಂದಕ್ಕೆ ಓಡಿದ್ದೀನಿ. ಹಲಗೆ ನನಗೇ ತೋರಿಸಿಕೊಳ್ಳಲಾ?” ಎಂದರು. ಕೋಣೆಯಲ್ಲಿ ನಗು ಎದ್ದಿತು. ನಗದಿದ್ದವರು ಇಬ್ಬರೇ, ನಾನು ಮತ್ತು ತಾವು.

ಬೆವರು ಒರೆಸಿಕೊಂಡು ಕಟ್ಟು ಬಿಚ್ಚಿದೆ. ಅತ್ತಿಗೆ ಎದ್ದು ಟೀವಿಯ ಹತ್ತಿರ ಹೋಗಿ ನಿಂತು, ನನ್ನಿಂದ ಆ ಫ್ರೇಮ್ ತೆರೆಸಿ, ದೊಡ್ಡದು ಮಾಡಿಸಿ, ಸ್ವತಃ ಬೆರಳಿಟ್ಟು ತೋರಿಸಿದರು: “ಇಲ್ಲಿ ನೋಡಿ ಮೇಡಂ. ಇಲ್ಲಿ ಎರಡು ಕಾಲೂ ಮೇಲಿದೆ. ಒಂದು ಕ್ಷಣವೂ ಇಲ್ಲ ಅಂತ ಬರೆದಿದ್ದೆ. ಅದು ತಪ್ಪು, ವಾಪಸ್ ತಗೋತೀನಿ.” ಅಣ್ಣ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ‘ಕೆಂಪು ಹಲಗೆ’ಯವರು ಗೆದ್ದ ಖುಷಿಗೆ ಹಲಗೆಯನ್ನು ಅರ್ಧ ಎತ್ತಿಯೂ ಬಿಟ್ಟಿದ್ದರು.

ಅಧ್ಯಕ್ಷೆಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ಅಷ್ಟು ದೊಡ್ಡದು ಬೇಡ. ಪೂರ್ತಿ ಚಿತ್ರ ಕಾಣೋ ಹಾಗೆ ಮಾಡಿ,” ಎಂದರು. ಕಿಟಕಿಗೆ ಹೊಂದಿಸುವ ಗುಂಡಿ ಒತ್ತಿದೆ. ತಾವು ಒಮ್ಮೆಗೇ ಹಿಂದಕ್ಕೆ ಸರಿದು ಇಡೀ ಮೈದಾನ ತೋರಿಸಿದಿರಿ. ಆಮೇಲೆ ಅವರು ‘ಕೆಂಪು ಹಲಗೆ’ಯವರನ್ನು ಎಬ್ಬಿಸಿ, ಅವತ್ತು ಅತ್ತಿಗೆಯಿಂದ ಎಷ್ಟು ದೂರ ನಿಂತಿದ್ದಿರೋ ಟೀವಿಯಿಂದ ಅಷ್ಟೇ ದೂರ ಹೋಗಿ ನಿಲ್ಲಿ ಎಂದರು; ಅವರು ಹಿಂದೆ ಹಿಂದೆ ಸರಿದು ಬಾಗಿಲಿನ ಚೌಕಟ್ಟಿಗೆ ತಗುಲಿಕೊಂಡರು. ಅಭ್ಯಾಸಬಲದಿಂದ ಅಧ್ಯಕ್ಷೆ, “ಎಡಗಣ್ಣು ಮುಚ್ಚಿ,” ಎಂದರು. ಅವರೂ ಅಭ್ಯಾಸಬಲದಿಂದ ಮುಚ್ಚಿಕೊಂಡರು. “ಈಗ ವಿಡಿಯೋನ ನಿಜವಾದ ವೇಗದಲ್ಲಿ ಓಡಿಸ್ತಾರೆ. ಎಲ್ಲಿ ನೆಲ ಬಿಟ್ಟರು, ಹೇಳಿ.” ಓಡಿಸಿದೆ. “ಇಲ್ಲಿ,” ಎಂದರು; ಅಲ್ಲಿ ಕಾಲು ನೆಲದ ಮೇಲಿತ್ತು. ಬಲಗಣ್ಣು ಮುಚ್ಚಿಸಿದರು. “ಹಾಂ, ಇಲ್ಲಿ!” ಎಂದರು, ಅವರು ತೋರಿಸಿದ್ದು ಬೇರೆ ಯಾರನ್ನೋ. ಎರಡೂ ಕಣ್ಣು ಬಿಡಿಸಿ ಇನ್ನೊಂದು ಸಲ ಓಡಿಸಿದೆ. ಅವರು ಕೊನೆಯವರೆಗೂ ನೋಡಿ, “ಕಾಣಲಿಲ್ಲ ಮೇಡಂ,” ಎಂದರು.

“ಅವತ್ತು ಮತ್ತೆ ಏನು ನೋಡಿ ಹಲಗೆ ಎತ್ತಿದ್ರಿ?” ಎಂದು ಅಧ್ಯಕ್ಷೆ ಮೆಲ್ಲಗೆ ಕೇಳಿದರು.

ಆ ಮನುಷ್ಯರು ಪ್ರಾಮಾಣಿಕರು, ಅದನ್ನು ಒಪ್ಪಿಕೊಳ್ಳಲೇಬೇಕು. “ಕಾಲು ನೋಡಲಿಲ್ಲ ಮೇಡಂ, ಮುಖ ನೋಡಿದೆ. ಬೇರೆಯವರೆಲ್ಲ ಹಲ್ಲು ಕಚ್ಚಿಕೊಂಡು ಬರ್ತಿದ್ರು. ಇವರು ನಗ್ತಾ ಬಂದ್ರು. ಅಷ್ಟು ಸ್ಪೀಡಲ್ಲಿ ನಗ್ತಾ ನಡೆಯೋಕೆ ಮನುಷ್ಯರಿಂದ ಆಗಲ್ಲ, ಏನೋ ಮೋಸ ಇದೆ ಅನ್ನಿಸ್ತು.”

ಅತ್ತಿಗೆ ಅಂದರು: “ಅದು ನಗು ಅಲ್ಲ ಸಾರ್. ಯಾವುದಾದರೂ ಬೆಡ್ಡಲ್ಲಿ ಹೆಚ್ಚುಕಮ್ಮಿ ಆದಾಗ ಗಂಟಿ ಹೊಡೀತಾರೆ. ನಾನು ಜೋರಾಗಿ ಹೋಗೋದನ್ನ ನೋಡಿ ದಾರಿಲಿರೋ ರೋಗಿಗಳೆಲ್ಲ ಗಾಬರಿ ಆಗ್ತಾರೆ. ಅದಕ್ಕೆ ಮುಖ ಹಾಗಿಟ್ಟುಕೊಂಡೇ ಹೋಗೋದು. ಈಗ ಜೋರಾಗಿ ಹೆಜ್ಜೆ ಹಾಕಿದ್ರೆ ಮುಖ ತಾನೇ ಹಾಗಾಗುತ್ತೆ, ನನ್ನ ಕೈಲಿಲ್ಲ.”

ಹಲಗೆ ಕೆಳಗಿಳಿಯಿತು. ಬರಿಗಣ್ಣಿಗೆ ಕಾಣದ್ದು ತಪ್ಪಲ್ಲವೆಂದೂ, ಗೆಲುವು ಅತ್ತಿಗೆಯದೇ ಎಂದೂ, ತಂಡಕ್ಕೆ ಹೆಸರು ಮರಳಿತೆಂದೂ ಅಧ್ಯಕ್ಷೆ ಹೇಳಿದರು. ‘ಕೆಂಪು ಹಲಗೆ’ಯವರಿಗೆ ಕನ್ನಡಕ ಬೇಕಾಗಬಹುದು, ನಾಳೆ ಕ್ಲಿನಿಕ್ಕಿಗೆ ಬರಲಿ ಎಂದೂ ಸೇರಿಸಿದರು. ಅಣ್ಣ ಹೊರಗೆ ಬಂದವನೇ, ಇದೆಲ್ಲ ತನ್ನದೇ ವಾದದ ಫಲವೆಂದು ಸ್ಕೂಟರ್ ನಿಲ್ಲಿಸಿದ ಜಾಗದವರೆಗೂ ಹೇಳುತ್ತಾ ನಡೆದ, ಎಂದಿನಂತೆ ಹತ್ತು ಮಾರು ಹಿಂದಿನಿಂದ.

ಇಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಆದರೆ ಸಂಜೆ ಲ್ಯಾಪ್‌ಟಾಪ್ ಹಿಂತಿರುಗಿಸಲು ಚೀಲಕ್ಕೆ ಹಾಕುತ್ತಿದ್ದಾಗ ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಅಮ್ಮನಿಗೆ ಕೇಳಿಸದ ದನಿಯಲ್ಲಿ, “ಮೈದುನರೇ, ಆ ಒಂದು ಫ್ರೇಮ್ ನನಗೆ ಪ್ರಿಂಟ್ ಹಾಕಿಸಿಕೊಡ್ತೀರಾ?” ಎಂದರು. ಯಾವುದು ಎಂದೆ, ಗೊತ್ತಿದ್ದೂ. “ಅದೇ, ಎರಡೂ ಕಾಲು ಮೇಲಿರೋದು. ಇಷ್ಟು ವರ್ಷ ಓಡಬೇಡ ಅನ್ನಿಸಿಕೊಂಡೇ ಕಳೆದೆ. ನಾನು ನೆಲ ಬಿಟ್ಟಿದ್ದು ನನಗೇ ಗೊತ್ತಾಗಲಿಲ್ಲ ನೋಡಿ. ಒಂದ್ಸಲ ನೋಡಿಕೊಳ್ಳೋಣ ಅಂತ.”

ಆದ್ದರಿಂದ, ಮಾನ್ಯರೇ, ದೂರಿನ ಕೊನೆಗೆ ಕೆಲವು ಬೇಡಿಕೆಗಳನ್ನು ತಮ್ಮ ಪಾದಕ್ಕೆ, ಅಂದರೆ ತಮ್ಮ ಕೆಳಗಿನ ಪಟ್ಟಿಗೆ, ಅರ್ಪಿಸುತ್ತಿದ್ದೇನೆ. ನಾನು ದೊಡ್ಡದು ಮಾಡು ಎಂದಾಗ, ಬಾಣ ಎಲ್ಲೇ ಬಿದ್ದಿರಲಿ, ನನ್ನ ಮನಸ್ಸಿನಲ್ಲಿರುವುದನ್ನು ದೊಡ್ಡದು ಮಾಡಬೇಕು. ನಮ್ಮಣ್ಣನಿಗೂ ಒಂದು ಕಿಟಕಿಗೆ ಹೊಂದಿಸುವ ಗುಂಡಿಯನ್ನು ದಯಪಾಲಿಸಬೇಕು. ಒಮ್ಮೊಮ್ಮೆ ಅವನು ಮನೆಯ ಅಳತೆ ಮೀರಿ ದೊಡ್ಡವನಾಗುತ್ತಾನೆ. ಮುಂದಿನ ದಾರಿಯನ್ನು ಮೊದಲೇ ಬಿಡಿಸಿ ತೋರಿಸುವ ಆ ಗೆರೆಯನ್ನು ಅಂತರ ನಗರ ಸ್ಪರ್ಧೆಯ ದಿನ ಎದುರಾಳಿಗಳಿಂದ ಮುಚ್ಚಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಫ್ರೇಮನ್ನು ಚಿತ್ರವಾಗಿ ಉಳಿಸುವಾಗ ಬಿಂದುವಿನ ಹೆಸರು, ಚೌಕುಳಿ ಗೆರೆ, ಹಸಿರು ಅಂಚು ಎಲ್ಲವನ್ನೂ ಸೇರಿಸಿಯೇ ಉಳಿಸುತ್ತೇನೆಂಬ ತಮ್ಮ ಹಟವನ್ನು ಬಿಡಬೇಕು. ತಾವು ಬಿಡಲಿಲ್ಲ; ಪ್ರಿಂಟಿನಲ್ಲಿ ಅತ್ತಿಗೆಯ ಹಿಮ್ಮಡಿಗೆ ‘ಬಿಂದು ೪’ ಎಂಬ ಚೀಟಿ ಅಂಟಿಕೊಂಡೇ ಬಂದಿದೆ. ಅತ್ತಿಗೆ ಅದನ್ನು ನರ್ಸುಗಳ ಕೋಣೆಯಲ್ಲಿ, ‘ಕಾರಿಡಾರಿನಲ್ಲಿ ಓಡಬೇಡಿ’ ಎಂಬ ಫಲಕದ ನೇರ ಕೆಳಗೆ ಅಂಟಿಸಿದ್ದಾರೆ. ದೂರದಿಂದ ನೋಡಿದವರಿಗೆ ಯಾರೋ ನಡೆಯುತ್ತಿರುವುದಷ್ಟೇ ಕಾಣುತ್ತದಂತೆ. ಹತ್ತಿರ ಬಂದು, ಬಗ್ಗಿ, ಮೂಗು ತಾಗುವಷ್ಟು ಸಮೀಪದಿಂದ ನೋಡಿದವರಿಗೆ ಮಾತ್ರ ಆ ಬಿಸಿಲಿನ ಗೆರೆ ಕಾಣುತ್ತದೆ. ಕಂಡವರಿಗೆ ಅತ್ತಿಗೆ ಚಹಾ ಕೊಡಿಸುತ್ತಾರೆ.

ಒಂದು ಕಣ್ಣು ಮುಚ್ಚಿ ಬೈಯುತ್ತಾ, ಇನ್ನೊಂದು ಕಣ್ಣಿನಿಂದ ಕೃತಜ್ಞತೆ ಸಲ್ಲಿಸುತ್ತಾ,

ಎಂದೂ ತಮ್ಮ ನಡುಮಧ್ಯಕ್ಕೆ ಬಾರದ, ಆದರೂ ತಮ್ಮ ವಿಶ್ವಾಸಿ,
ಬಿಂದು ೪ರ ಮೈದುನ

ವಿ.ಸೂ.: ಲ್ಯಾಪ್‌ಟಾಪ್ ಮುಚ್ಚುವ ಮುನ್ನ ತಾವು ಪುಟ್ಟ ಚೌಕವೊಂದನ್ನು ಮುಂದೆ ಮಾಡಿ, ನಮ್ಮ ಸೇವೆ ಹೇಗಿತ್ತು, ದಯವಿಟ್ಟು ನಕ್ಷತ್ರ ಕೊಡಿ ಎಂದು ಕೇಳಿದಿರಿ. ಕೊಡುವ ಮನಸ್ಸು ಖಂಡಿತ ಇತ್ತು. ಆದರೆ ಆ ನಕ್ಷತ್ರಗಳ ಸಾಲು ಪರದೆಯ ಅಂಚಿನಿಂದ ಆಚೆಗೆ ಹೋಗಿ ಕೂತಿತ್ತು, ಎಳೆದರೆ ಬರಲಿಲ್ಲ, ಚಿಕ್ಕದು ಮಾಡಿದರೂ ಕಾಣಲಿಲ್ಲ. ಬರಿಗಣ್ಣಿಗೆ ಕಾಣದ್ದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.